ಟೈಲರಮ್ಮನ ನಂಬರು

ಆಶ್ರಯಮನೆಯ ಆಫೀಸು ಕೋಣೆಯಿಂದ
ಜೂನ್ ಹನ್ನೆರಡು, ಗುರುವಾರ ಮಧ್ಯಾಹ್ನ

ಪುಟ್ಟಾ,

‘ಪ್ರೀತಿಯ’ ಎಂದು ಸೇರಿಸಿ ಬರೆಯುವುದು ನನ್ನ ರೂಢಿ. ಈ ಸಲ ಕೈ ಬರಲಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಹೆಂಡತಿ, ಮಗು ಚೆನ್ನಾಗಿದ್ದಾರಾ? ಕೇಳದಿದ್ದರೆ ಅಮ್ಮ ನನ್ನನ್ನು ಸುಮ್ಮನೆ ಬಿಡುವುದಿಲ್ಲ, ಅದಕ್ಕೇ ಕೇಳಿದೆ. ಅಮ್ಮ ಗಟ್ಟಿಯಾಗಿದ್ದಾಳೆ. ಹಲ್ಲಿನ ಡಾಕ್ಟರ ಹತ್ತಿರ ಜಗಳ ಆಡಿಕೊಂಡು ಬಂದಿದ್ದಾಳೆ. ನಾನು ಮಾತ್ರ ಚೆನ್ನಾಗಿಲ್ಲ, ಅದಕ್ಕೆ ಕಾರಣ ನೀನು. ಫೋನಿನಲ್ಲಿ ಹೇಳಲು ಹೋದರೆ ನೀನು ನನ್ನ ಬಾಯಿ ಮುಚ್ಚಿಸಿ ನಿನ್ನದೇ ಒದರುತ್ತೀಯ. ಕಾಗದವಾದರೆ ಕೊನೆವರೆಗೂ ಸುಮ್ಮನಿರಲೇಬೇಕಲ್ಲ.

ಹೋದ ವರ್ಷ ಬಂದಾಗ ನೀನು ನಿಮ್ಮ ಕಂಪನಿಯ ಫೋನು ತಂದುಕೊಟ್ಟೆ. ನನ್ನ ಹಳೆಯದರ ಗಾಜು ಒಡೆದು ಬೆರಳು ಕೊಯ್ಯುತ್ತಿತ್ತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಊಟದ ಮೇಜಿನ ಮೇಲೆಯೇ ಡಬ್ಬ ಬಿಚ್ಚಿ, ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಫೋನು ಹಿಡಿದು, ಅದು ಕೇಳಿದ್ದಕ್ಕೆಲ್ಲ ‘ಒಪ್ಪಿಗೆ, ಒಪ್ಪಿಗೆ’ ಎಂದು ಒತ್ತುತ್ತ ಹೋದೆ. “ಓದದೇ ಒತ್ತುತ್ತಿದ್ದೀಯಲ್ಲೋ?” ಎಂದೆ ನಾನು. “ಅಯ್ಯೋ ಅಕ್ಕ, ಇದನ್ನೆಲ್ಲ ಯಾರು ಓದ್ತಾರೆ? ಓದ್ತಾ ಕೂತ್ರೆ ಫೋನು ಶುರುವಾಗೋದು ಮುಂದಿನ ಜನ್ಮಕ್ಕೇ” ಎಂದೆ ನೀನು. ಎಲ್ಲರೂ ನಕ್ಕೆವು. ಡಬ್ಬದಿಂದ ಹೊರಬರುವಾಗಲೇ ಅದರೊಳಗೆ ಠಿಕಾಣಿ ಹೂಡಿದ್ದ ಆ್ಯಪುಗಳಲ್ಲಿ ‘ಯಾರಿದು’ ಎನ್ನುವುದೂ ಒಂದು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಹೆಸರು ತೋರಿಸುತ್ತದೆ, ಭಾರೀ ಉಪಯೋಗ ಎಂದೆ ನೀನು. ಆ ಹೆಸರುಗಳನ್ನು ಅದು ಎಲ್ಲಿಂದ ತರುತ್ತದೆ ಎಂದು ಮಾತ್ರ ನೀನು ಹೇಳಲಿಲ್ಲ. ಇಂಥ ಆ್ಯಪುಗಳನ್ನು ಫೋನಿಗೆ ತುಂಬಿಸುವುದೇ ನಿನ್ನ ಕೆಲಸ. ನಿನಗೆ ಗೊತ್ತಿರಲಿಲ್ಲ ಎನ್ನಬೇಡ.

ನನ್ನ ಕೆಲಸವೂ ನಿನಗೆ ಗೊತ್ತು. ಗಂಡನ ಹೊಡೆತ ತಾಳದೆ ಬಂದ ಹೆಂಗಸರು ಇರುವ ಮನೆ ಇದು. ಗೇಟಿಗೆ ಬೋರ್ಡಿಲ್ಲ. ಬಂದವರಿಗೆ ಮೊದಲು ಊಟ, ಆಮೇಲೆ ಹೊಸ ಸಿಮ್ಮು. ಅವರ ನಂಬರುಗಳನ್ನು ನನಗೆ ನೆನಪಿರುವ ಹಾಗೆ ಹೆಸರು ಕೊಟ್ಟು ನನ್ನ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹೀಗೆ ಬಂದವಳು ನಮ್ಮ ಟೈಲರಮ್ಮ. ಬಂದಾಗ ತಲೆ ಎತ್ತಿ ನೋಡುತ್ತಿರಲಿಲ್ಲ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹಳೆಯ ಹೊಲಿಗೆ ಯಂತ್ರ ಹಾಕಿಕೊಟ್ಟೆವು. ಕ್ರಮೇಣ ಪಕ್ಕದ ಬೀದಿಯ ಶಾಲೆಯ ಸಮವಸ್ತ್ರಗಳೆಲ್ಲ ಇವಳ ಕೈಗೇ ಬಂದವು. ಅಡುಗೆಯವಳ ರವಿಕೆ ಬಿಗಿ ಮಾಡಿ ಹೊಲಿದು, “ಯಂತ್ರದ ತಪ್ಪಲ್ಲ, ನಿಮ್ಮ ರೊಟ್ಟಿಯ ತಪ್ಪು” ಎಂದು ಅವಳನ್ನೇ ಆಡಿಕೊಳ್ಳುವಷ್ಟು ಬಾಯಿ ಬಂತು. ಹೊಸ ನಂಬರಿನಿಂದ ಒಂದೇ ಒಂದು ಸಲ ತನ್ನ ತಾಯಿಗೆ ಕರೆ ಮಾಡಿದ್ದಳು. ತಾಯಿಗಲ್ಲದೆ ಇನ್ಯಾರಿಗೆ ಮಾಡಬೇಕು?

ಗಂಡ ಅತ್ತೆಯ ಮನೆಗೆ ಹೋಗಿ ಆ ಮುದುಕಿಯ ಫೋನು ಕಿತ್ತುಕೊಂಡು ನೋಡಿದ್ದಾನೆ. ಹೊಸ ನಂಬರು ಸಿಕ್ಕಿದೆ. ಸೋಮವಾರ ಮಧ್ಯಾಹ್ನ ನಮ್ಮ ಗೇಟು ದಾಟಿ ಬಂದ. ಇವಳು ಕಿಟಕಿಯ ಹತ್ತಿರ ತಲೆ ಬಗ್ಗಿಸಿಕೊಂಡು ಕಾಲರು ಹೊಲಿಯುತ್ತಿದ್ದಳು. ಅವನು ಅವಳ ಕೂದಲಿಗೆ ಕೈಹಾಕಲಿಲ್ಲ, ಬೈಯಲಿಲ್ಲ. ಅವಳ ಬಲಗೈ ಹಿಡಿದು ಯಂತ್ರದ ಹಲಗೆಯ ಮೇಲಿಟ್ಟು, ಪಕ್ಕದಲ್ಲಿದ್ದ ಇಸ್ತ್ರಿಪೆಟ್ಟಿಗೆ ಎತ್ತಿ ಕುಕ್ಕಿದ. ಅಡುಗೆಯವಳು ಕುದಿಯುವ ಸಾರಿನ ಪಾತ್ರೆ ಹಿಡಿದು ಓಡಿಬಂದು, “ಇನ್ನೊಂದು ಹೆಜ್ಜೆ ಇಟ್ರೆ ಮುಖದ ಮೇಲೆ ಸುರೀತೀನಿ” ಎಂದು ಅಡ್ಡ ನಿಂತಳು. ಇಲ್ಲದಿದ್ದರೆ ಇವತ್ತು ನಾನು ಬೇರೆ ಕಾಗದ ಬರೆಯುತ್ತಿದ್ದೆ. ಟೈಲರಮ್ಮನ ಎರಡು ಬೆರಳು ಪುಡಿಯಾಗಿವೆ. ಇನ್ನು ಸೂಜಿಗೆ ದಾರ ಪೋಣಿಸುವುದು ಕಷ್ಟ ಎಂದರು ಡಾಕ್ಟರು.

ಪೊಲೀಸ್ ಸ್ಟೇಷನ್ನಿನಲ್ಲಿ ಅವನಿಗೆ ಹೆದರಿಕೆಯೇ ಇರಲಿಲ್ಲ. “ನಾನೇನು ಕಳ್ಳತನದಿಂದ ವಿಳಾಸ ತಗೊಂಡಿಲ್ಲ ಸಾರ್, ಫೋನೇ ಹೇಳ್ತು” ಎಂದು ತನ್ನ ಫೋನಿನಲ್ಲಿದ್ದ ಅದೇ ‘ಯಾರಿದು’ ತೆರೆದು ತೋರಿಸಿದ. ಅವಳ ನಂಬರಿನ ಕೆಳಗೆ ‘ಟೈಲರಮ್ಮ ಆಶ್ರಯಮನೆ ಮುಂದಿನ್ ರೂಮು’ ಎಂದಿತ್ತು. ಪುಟ್ಟಾ, ಅದು ನಾನು ಬರೆದದ್ದು. ಆತುರದಲ್ಲಿ ನಾನು ನುಂಗಿದ್ದ ಅಕ್ಷರವೂ ಹಾಗೇ ನುಂಗಿಹೋಗಿತ್ತು. ನನ್ನ ಫೋನಿನೊಳಗೆ, ನನ್ನ ನೆನಪಿಗೆಂದು ಬರೆದಿಟ್ಟ ಮಾತನ್ನು ‘ಯಾರಿದು’ ಎತ್ತಿಕೊಂಡು ಹೋಗಿ ಊರಿಗೆಲ್ಲ ಹಂಚಿತ್ತು, ಅದು ಅವನ ಅಂಗೈಯಲ್ಲಿ ಹೊಳೆಯುತ್ತಿತ್ತು. ಈ ಊರಿನಲ್ಲಿರುವುದು ಎರಡೇ ಆಶ್ರಯಮನೆ. ಮೊದಲನೆಯದಕ್ಕೆ ಹೋಗಿ, ಅಲ್ಲಿ ಇವಳಿಲ್ಲ ಎಂದು ತಿಳಿದುಕೊಂಡು ಇಲ್ಲಿಗೆ ಬಂದಿದ್ದಾನೆ.

ಸ್ಟೇಷನ್ನಿನಿಂದ ಹೊರಗೆ ಬಂದವಳೇ ನನ್ನ ಫೋನಿನಿಂದ ಆ ಆ್ಯಪನ್ನು ಅಳಿಸಲು ನೋಡಿದೆ. ಅಳಿಸುವ ಗುಂಡಿಯೇ ಇಲ್ಲ. ‘ನಿಲ್ಲಿಸು’ ಎಂಬುದಿತ್ತು, ಒತ್ತಿದೆ. ಮಾರನೆಯ ಬೆಳಿಗ್ಗೆ ಫೋನು ತನ್ನಷ್ಟಕ್ಕೆ ತಾನೇ ಏನೋ ಅಪ್‌ಡೇಟ್ ಮಾಡಿಕೊಂಡಿತು, ‘ಯಾರಿದು’ ಮತ್ತೆ ಹಲ್ಲು ಕಿರಿದುಕೊಂಡು ಕೂತಿತ್ತು. ಆಗ ನಿನಗೆ ಕರೆ ಮಾಡಿದೆ. ನೀನು ಏನೆಂದೆ, ನೆನಪಿದೆಯೇ? “ಅಳಿಸೋ ಬಟನ್ ಮೊದಲು ಇತ್ತು ಅಕ್ಕ, ನಾನೇ ತೆಗೆಸಿದ್ದು. ಇಟ್ರೆ ಜನ ಅಳಿಸ್ಬಿಡ್ತಾರಲ್ಲ.” ಆಮೇಲೆ, “ನೀನ್ಯಾಕೆ ಹೆಸರನ್ನ ಅಷ್ಟು ಉದ್ದ ಬರೆದ್ಕೊಂಡೆ?” ಎಂದೂ ಕೇಳಿದೆ! ನಾಚಿಕೆ ಅನ್ನುವುದನ್ನು ಯಾವ ಅಂಗಡಿಯಲ್ಲಿ ಮಾರಿಕೊಂಡೆಯೋ? ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಆ ಹೊತ್ತಿನಲ್ಲಿ ನೀನು ಎದುರಿಗಿದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಆ ಫೋನನ್ನು ಕೊರಿಯರಿನಲ್ಲಿ ನಿನ್ನ ಆಫೀಸಿಗೇ ಕಳಿಸಿದ್ದೇನೆ. ಗುಂಡಿಯ ಹಳೆಯ ಫೋನೊಂದು ಕೊಂಡಿದ್ದೇನೆ. ಆದರೆ ಏನು ಬಂತು? ಮನೆಯಲ್ಲಿದ್ದ ಅಷ್ಟೂ ಹೆಂಗಸರ ಗುರುತು ಆಗಲೇ ಹೊರಗೆ ಹೋಗಿದೆ. ಒಬ್ಬೊಬ್ಬರನ್ನೇ ಬೇರೆ ಕಡೆ ಸಾಗಿಸುತ್ತಿದ್ದೇವೆ. ಗಂಟುಮೂಟೆ ಕಟ್ಟುತ್ತ ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ನಿನ್ನ ಮಗುವಿಗೆ ಅತ್ತೆಯ ಮುತ್ತು ಕೊಡು, ಅದೇನೂ ತಪ್ಪು ಮಾಡಿಲ್ಲ. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಅವಳಿಗೆ ಇನ್ನೂ ಪೂರ್ತಿ ವಿಷಯ ಗೊತ್ತಿಲ್ಲ.

ನಿನ್ನ ಅಕ್ಕ

ಮರೆತಿದ್ದೆ: ಟೈಲರಮ್ಮ ನಿಮ್ಮ ಕಂಪನಿಯ ಮೇಲೆ ಕೇಸು ಹಾಕುತ್ತಿದ್ದಾಳೆ, ಎಡಗೈಯಲ್ಲಿ ಸಹಿ ಹಾಕಿದಳು. ನೀನು ಫೋನಿನಲ್ಲಿ ಅಂದದ್ದನ್ನೆಲ್ಲ ನಾನು ಹೇಳಿಕೆಯಲ್ಲಿ ಬರೆಸಿದ್ದೇನೆ. “ತಮ್ಮ ಅಂತೀರಿ, ಬೇಕಿದ್ದರೆ ಅವರ ಹೆಸರು ಬಿಡೋಣ” ಎಂದರು ವಕೀಲೆ. ಬೇಡ ಎಂದೆ. ನಿನ್ನ ಹೆಸರು, ಹುದ್ದೆ, ಮನೆಯ ವಿಳಾಸ ಎಲ್ಲವನ್ನೂ ನಾನೇ ಕೊಟ್ಟೆ. ಸಾಕ್ಷಿಗೆ ಕರೆಯುವ ನೋಟೀಸು ಮನೆಗೇ ಬರುತ್ತದೆ, ಬಾಗಿಲು ತೆಗೆಯುವವಳು ನಿನ್ನ ಹೆಂಡತಿ. ಅಷ್ಟರೊಳಗೆ ನೀನೇ ಅವಳಿಗೆ ಹೇಳು.