ನಮ್ಮ ಬಾವಿಯ ಎರಡನೇ ಪುಟ

ಕುಡಿಯುವ ನೀರಿನ ಪರೀಕ್ಷಾಲಯದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯ ಬಾವಿ ನೀರಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇದೆ ಎಂಬ ಸಂಗತಿ ನಮಗಿಂತ ಇಪ್ಪತ್ತಮೂರು ದಿನ ಮೊದಲೇ ನಿಮ್ಮ ಕಚೇರಿಗೆ ಗೊತ್ತಿತ್ತು. ನೀವು ಅದನ್ನು ವರದಿಯ ಎರಡನೇ ಪುಟದಲ್ಲಿ ಅಚ್ಚುಕಟ್ಟಾಗಿ ಟೈಪು ಮಾಡಿಸಿ, ಮೊದಲನೇ ಪುಟವನ್ನಷ್ಟೇ ನಮಗೆ ಅಂಚೆಯಲ್ಲಿ ಕಳಿಸಿ, ಎರಡನೆಯದನ್ನು ನಿಮ್ಮ ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರಿ. ನನ್ನ ದೂರು ಇಷ್ಟೇ. ಕೆಲಸದ ಒತ್ತಡವಿದ್ದರೆ ತಾವು ಇಲ್ಲಿಗೇ ನಿಲ್ಲಿಸಬಹುದು. ಅರ್ಧ ಓದಿಸುವ ಅಭ್ಯಾಸವಿರುವ ಕಚೇರಿಗೆ ಅರ್ಧ ಓದುವುದು ಕಷ್ಟವಾಗಲಾರದು. ಆದರೆ ಈ ಪತ್ರವನ್ನು ಪತ್ರಿಕೆಯವರಿಗೂ ಕೊಟ್ಟಿದ್ದೇನೆ. ಅವರು ಪೂರ್ತಿ ಓದುತ್ತಾರಂತೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು ಕನ್ನಡಕದ ಅಂಗಡಿ ನಡೆಸುವವಳು. ನನ್ನ ಗಂಡ ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುತ್ತಾರೆ, ನಡುವೆ ಸಿಗುವ ಹೊತ್ತಿನಲ್ಲಿ ಅಡುಗೆಮನೆ ಓಡಿಸುತ್ತಾರೆ. ಎಂಟು ವರ್ಷದ ಮಗಳೊಬ್ಬಳು. ಇನ್ನು ನನ್ನ ಅತ್ತೆ. ಅವರು ಯಾವುದನ್ನೂ ಓಡಿಸುವುದಿಲ್ಲ, ಕೂತಲ್ಲಿಂದಲೇ ಎಲ್ಲರನ್ನೂ ಓಡಾಡಿಸುತ್ತಾರೆ. ಈ ವರ್ಷ ಎರಡು ತಿಂಗಳ ಕಾಲ ಅತ್ತೆಯನ್ನು ಬಿಟ್ಟು ನಾವು ಮೂವರೂ ಸರದಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದೆವು. ಮನೆಯಲ್ಲಿರುವುದು ಒಂದೇ ಶೌಚಾಲಯ. "ಇನ್ನೂ ಎಷ್ಟು ಹೊತ್ತು?" ಎಂಬ ಪ್ರಶ್ನೆಯೊಂದನ್ನು ಬಿಟ್ಟರೆ ಗಂಡಹೆಂಡಿರ ನಡುವೆ ಬೇರೆ ಮಾತುಕತೆಯೇ ಉಳಿದಿರಲಿಲ್ಲ.

ಅಡುಗೆ ಮಾಡುವವನು ಸ್ವಂತ ಮಗನಾದ್ದರಿಂದ ಅತ್ತೆ ಅಡುಗೆಯನ್ನು ದೂರುವಂತಿರಲಿಲ್ಲ. ಹಾಗಾಗಿ ದೂರೆಲ್ಲ ಸುತ್ತಿ ಬಳಸಿ ನನ್ನ ಹತ್ತಿರ ಬಂತು. "ನಾನು ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಅದಕ್ಕೇ ನೋಡು, ನಂಗೇನೂ ಆಗಿಲ್ಲ" ಎಂದು ದಿನಕ್ಕೆರಡು ಸಲ, ಔಷಧಿಯ ಹಾಗೆ, ಊಟಕ್ಕೆ ಮುಂಚೆ ಹೇಳುತ್ತಿದ್ದರು.

ಮೂರನೇ ಸಲ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಆಕೆ ಕೇಳಿದರು: "ಮನೇಲಿ ಯಾರಿಗೆ ಏನೂ ಆಗಿಲ್ಲ?"

"ನಮ್ಮತ್ತೆಗೆ."

"ಅವರು ನಿಮಗಿಂತ ಬೇರೆ ಏನು ಮಾಡ್ತಾರೆ?"

"ಎಲ್ಲಾನೂ ಬೇರೇನೇ ಮಾಡ್ತಾರೆ ಡಾಕ್ಟ್ರೇ" ಎಂದೆ, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದು.

ಮಗಳು ಮಂಚದ ಮೇಲಿಂದ, "ಅಜ್ಜಿ ಕುದಿಸಿದ ನೀರು ಬಿಟ್ಟು ಬೇರೆ ಮುಟ್ಟೋದೇ ಇಲ್ಲ. ಗಂಟಲಿಗೆ ಒಳ್ಳೇದಂತೆ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಇವತ್ತಿಂದ ಎಲ್ಲರೂ ಅಜ್ಜಿ ಕುಡಿಯೋ ನೀರೇ ಕುಡೀರಿ. ಬಾವಿ ನೀರನ್ನ ಪರೀಕ್ಷೆಗೆ ಕೊಡಿ."

ಹೀಗೆ ನಾನು ತಮ್ಮ ಕೌಂಟರಿಗೆ ಬಂದೆ. ಮೊದಲ ದಿನ ನನ್ನ ಬಾಟಲಿ ಸರಿಯಿಲ್ಲ, ಕ್ರಿಮಿಶುದ್ಧ ಮಾಡಿದ ಬಾಟಲಿಯೇ ಆಗಬೇಕು ಎಂದರು. ಒಪ್ಪಿದೆ, ಅದು ಸರಿಯಾದ ಮಾತು. ಅಂಥ ಬಾಟಲಿ ಎಲ್ಲಿ ಸಿಗುತ್ತದೆ ಎಂದೆ. "ಇಲ್ಲೇ ಸಿಗುತ್ತೆ" ಎಂದರು. ಕೊಡಿ ಎಂದೆ. "ಈಗಿಲ್ಲ" ಎಂದರು. ಯಾವಾಗ ಬರುತ್ತದೆ? "ಬಂದಾಗ ಗೊತ್ತಾಗುತ್ತೆ." ಯಾರಿಗೆ? ಈ ಪ್ರಶ್ನೆಗೆ ನಿಮ್ಮ ಗುಮಾಸ್ತರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಅದು ಹೋದ ವರ್ಷದ್ದು. ಎರಡನೇ ಸಲ ಬಾಟಲಿ ಸಿಕ್ಕಿತು, ಆದರೆ ಮಾದರಿ ಸ್ವೀಕರಿಸುವುದು ಮಂಗಳವಾರ ಹತ್ತರಿಂದ ಹನ್ನೊಂದರವರೆಗೆ ಮಾತ್ರ ಎಂದು ಗೊತ್ತಾಯಿತು. ನೀರಿನೊಳಗಿನ ಬ್ಯಾಕ್ಟೀರಿಯಾಗಳು ಇಷ್ಟು ಕಟ್ಟುನಿಟ್ಟಾಗಿ ವೇಳೆ ಪಾಲಿಸುತ್ತಿದ್ದರೆ ನಾವೂ ಮಂಗಳವಾರ ಒಂದು ತಾಸು ನೀರು ಬಿಟ್ಟು ಸುಖವಾಗಿರುತ್ತಿದ್ದೆವು.

ಆ ಮಂಗಳವಾರ ನಾನು ಒಬ್ಬಳೇ ಬರಲಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ತಾಯಿಯಿದ್ದಾಳೆ. ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಾಳೆ, ಅವಳಿಗೆ ಐದು ತಿಂಗಳ ಕೂಸು. ಅವರ ಬಾವಿಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. "ನಿಂದೂ ಒಂದು ಬಾಟಲಿ ಕೊಟ್ಟುಬಿಡು" ಎಂದು ನಾನೇ ಒತ್ತಾಯ ಮಾಡಿ ಕರೆದುಕೊಂಡು ಬಂದಿದ್ದೆ. ಅಲ್ಲಿಯವರೆಗೆ ನನ್ನ ಮಾತು ಕೇಳಿ ಅವಳು ಕೂಸಿನ ಹಾಲಿನ ಪುಡಿಗೆ ನೀರನ್ನು ಕುದಿಸಿಯೇ ಬೆರೆಸುತ್ತಿದ್ದಳು. ಈ ಸಂಗತಿಯನ್ನು ದಯಮಾಡಿ ನೆನಪಿಟ್ಟುಕೊಳ್ಳಿ.

ಒಂಬತ್ತು ದಿನಕ್ಕೆ ಇಬ್ಬರಿಗೂ ಲಕೋಟೆ ಬಂತು. ಒಂದೇ ಹಾಳೆ. "ಮಾದರಿಯು ಸ್ವಚ್ಛವಾಗಿ, ಬಣ್ಣರಹಿತವಾಗಿ, ದುರ್ವಾಸನೆಯಿಲ್ಲದೆ ತೃಪ್ತಿಕರವಾಗಿದೆ." ಕೆಳಗೆ ದುಂಡನೆಯ ನೀಲಿ ಮೊಹರು. ಮೊಹರಿನ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಪುಟ ಎರಡು ನೋಡುವುದು." ದಿನವಿಡೀ ಜನರಿಗೆ ಸಣ್ಣ ಅಕ್ಷರ ಓದಿಸುವುದೇ ನನ್ನ ಕಸುಬಾದ್ದರಿಂದ ಅದು ನನ್ನ ಕಣ್ಣಿಗೆ ಬಿತ್ತು. ನನ್ನ ಅಂಗಡಿಯಲ್ಲಿ ಗೋಡೆಯ ಕೊನೆಯ ಸಾಲನ್ನು ಓದಲಾರದವರಿಗೆ ಕನ್ನಡಕ ಕೊಡುತ್ತೇವೆ. ನಿಮ್ಮ ಕಚೇರಿಯಲ್ಲಿ ಅವರಿಗೆ ಹೊಟ್ಟೆನೋವು ಕೊಡುತ್ತೀರಿ. ಮರುದಿನದಿಂದಲೇ ಎರಡನೇ ಪುಟ ಕೊಡಿ ಎಂದು ನಿಮ್ಮ ಕಚೇರಿಗೆ ಅಲೆಯತೊಡಗಿದೆ. ಅದು ಬೇರೆ ವಿಭಾಗ, ಅರ್ಜಿದಾರರೇ ಖುದ್ದಾಗಿ ಬಂದು, ಬೇರೆ ಅರ್ಜಿ ಬರೆದು, ಬೇರೆ ಮಹಡಿಯಲ್ಲಿ ಪಡೆಯಬೇಕು, ಆ ಮಹಡಿಯವರು ರಜೆಯಲ್ಲಿದ್ದಾರೆ ಎಂದರು.

ಇಲ್ಲಿ ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಆ ಇರುವೆ ಸಾಲಿನ ಬಗ್ಗೆ ಗಂಡನಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಪಕ್ಕದ ಮನೆಯವಳಿಗೆ ಹೇಳಲಿಲ್ಲ. ಅವಳೂ ಓದಿರುತ್ತಾಳೆ ಅಂದುಕೊಂಡೆ.

ಕೊನೆಗೊಂದು ದಿನ ಎರಡನೇ ಪುಟ ಕೈಗೆ ಸಿಕ್ಕಿತು. "ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪತ್ತೆಯಾಗಿದೆ. ಕುಡಿಯಲು ಯೋಗ್ಯವಲ್ಲ. ಸೂಕ್ತ ಕ್ರಮ ಕೈಗೊಳ್ಳುವುದು." ಪರೀಕ್ಷೆ ಮುಗಿದ ತಾರೀಖು ನಾನು ಬಾಟಲಿ ಕೊಟ್ಟ ಮೂರನೇ ದಿನದ್ದು! ಕಾಗದ ಹಿಡಿದುಕೊಂಡು ಬಸ್ಸಿಳಿದವಳು ನಮ್ಮ ಮನೆಗೂ ಹೋಗದೆ ಪಕ್ಕದ ಮನೆಯ ಬಾಗಿಲು ಬಡಿದೆ. ಬೀಗ ಹಾಕಿತ್ತು. ಕಿಟಕಿಯಿಂದ ಇಣುಕಿದರೆ ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಸಿಕ್ಕಿಕೊಂಡಿತ್ತು. ಫ್ರಿಜ್ಜಿನ ಬಾಗಿಲಿಗೆ ನಿಮ್ಮ ಮೊದಲನೇ ಪುಟವನ್ನು ಅಂಟಿಸಿದ್ದಳು.

ಕೂಸನ್ನು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ಅದರ ಪುಟ್ಟ ಕೈಗೆ ಪಟ್ಟಿ ಕಟ್ಟಿ ಹನಿಹನಿಯಾಗಿ ನೀರು ಏರಿಸುತ್ತಿದ್ದರು. ಅದು ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವಳು ನನ್ನನ್ನು ನೋಡಿ ಹೇಳಿದ್ದು ಇಷ್ಟು: "ತೃಪ್ತಿಕರ ಅಂತ ಬರೆದಿದ್ರಲ್ಲ ಅಕ್ಕಾ. ಅದಕ್ಕೇ ಕುದಿಸೋದು ಬಿಟ್ಟೆ."

ಮಾನ್ಯರೇ, ಪರೀಕ್ಷೆಯನ್ನೇ ಮಾಡಿಸದಿದ್ದರೆ ಅವಳು ಇವತ್ತಿಗೂ ನೀರು ಕುದಿಸುತ್ತಿದ್ದಳು. ಒಂದು ಪರೀಕ್ಷಾಲಯ ಇದ್ದದ್ದರಿಂದಲೇ ಒಂದು ಕೂಸು ಆಸ್ಪತ್ರೆ ಸೇರಿತು ಎಂದರೆ, ಅಂಥ ಪರೀಕ್ಷಾಲಯಕ್ಕೆ ಏನೆಂದು ಹೆಸರಿಡಬೇಕು? ನಾಲ್ಕು ದಿನದ ಮೇಲೆ ಕೂಸು ಚೇತರಿಸಿಕೊಂಡು ಮನೆಗೆ ಬಂತು. ಬಂದಿದೆ ಎಂಬ ಒಂದೇ ಕಾರಣಕ್ಕೆ ನಾನು ನಿಮ್ಮ ಜೊತೆ ತಮಾಷೆಯಾಗಿ ಮಾತಾಡುತ್ತಿದ್ದೇನೆ.

ಇನ್ನು "ಸೂಕ್ತ ಕ್ರಮ"ದ ವಿಚಾರ. ಆಸ್ಪತ್ರೆಯಿಂದ ಬಂದವಳೇ ನಿಮ್ಮ ಕಚೇರಿಗೆ ಫೋನು ಮಾಡಿದೆ.

"ಸೂಕ್ತ ಕ್ರಮ ಅಂದ್ರೆ ಏನು ಸರ್?"

"ಸೂಕ್ತವಾಗಿರೋದನ್ನ ಮಾಡಿ ಮೇಡಂ."

"ಯಾವುದು ಸೂಕ್ತ?"

"ಅದು ನಿಮ್ಮ ಬಾವಿ ಮೇಲೆ ಹೋಗುತ್ತೆ."

"ನಮ್ಮ ಬಾವಿನೇ ನೀವು ಪರೀಕ್ಷೆ ಮಾಡಿದ್ದು."

"ನಾವು ಮಾಡಿದ್ದು ನೀರು ಮೇಡಂ, ಬಾವಿ ಅಲ್ಲ" ಎಂದು ಇಟ್ಟುಬಿಟ್ಟರು. ಆ ಮಹಾನುಭಾವರಿಗೆ ಬಡ್ತಿ ಕೊಡಿ. ಇಂಥ ಬುದ್ಧಿ ಕೆಳಗಿನ ಮಹಡಿಯಲ್ಲಿ ಕೊಳೆಯಬಾರದು.

ಸೂಕ್ತ ಕ್ರಮವನ್ನು ನನ್ನ ಗಂಡ ತಮಗೆ ತಿಳಿದಂತೆ ಕೈಗೊಂಡರು. ನೆಲ ಒರೆಸಲು ತಂದಿಟ್ಟಿದ್ದ ನಿಂಬೆ ಪರಿಮಳದ ಬ್ಲೀಚಿನ ಡಬ್ಬಿಯನ್ನು ಪೂರ್ತಿ ಬಾವಿಗೆ ಬೋರಲು ಹಾಕಿದರು. "ಎಷ್ಟು ಹಾಕಿದ್ರಿ?" ಎಂದರೆ "ಅಂದಾಜಿಗೆ" ಎಂದರು. ಅಡುಗೆಯಲ್ಲಿ ಉಪ್ಪು ಹಾಕುವುದೂ ಅವರು ಹೀಗೆಯೇ. ಮೂರು ದಿನ ಮನೆಯೆಲ್ಲ ನಿಂಬೆ ವಾಸನೆ. ಅತ್ತೆಯ ನೇರಳೆ ಶಾಲು ಒಂದೇ ಒಗೆತಕ್ಕೆ ಬೂದುಬಣ್ಣಕ್ಕೆ ತಿರುಗಿತು. ಅವರು ಅದನ್ನು ಹೊದ್ದುಕೊಂಡು ಮಗನ ಎದುರಿಗೇ ಓಡಾಡಿದರು, ಒಂದು ಮಾತೂ ಆಡದೆ. ಬೈದಿದ್ದರೇ ವಾಸಿಯಿತ್ತು ಎಂದು ಗಂಡ ನನ್ನ ಹತ್ತಿರ ಹೇಳಿಕೊಂಡರು.

ಆಮೇಲೆ ಮೋಟರ್ ಮಾವನನ್ನು ಕರೆಸಿದೆವು. ಮೂವತ್ತು ವರ್ಷದಿಂದ ಪಂಪು ರಿಪೇರಿ ಮಾಡುವವರು. ಯಾರಿಗೂ ಸೋದರಮಾವನಲ್ಲ, ಬೀದಿಗೆಲ್ಲ ಮಾವ. ಬಾವಿಯ ಮುಚ್ಚಳ ಸರಿಸಿ, ಟಾರ್ಚು ಬಿಟ್ಟು ನೋಡಿ, ಮೊದಲು ನಕ್ಕರು. "ಬಾಗಿಲು ತೆರೆದಿಟ್ಟು ಕಳ್ಳನಿಗೆ ಔಷಧಿ ಹೊಡೆದಿದ್ದೀರಲ್ರೀ!" ಪಂಪಿನ ಕೊಳವೆ ಒಳಗಿಳಿಯುವ ಕಡೆ ಮುಚ್ಚಳದಲ್ಲಿ ಮುಷ್ಟಿ ತೂರುವಷ್ಟು ಕಂಡಿ. ಮನೆಯ ಚಾವಣಿಯ ಮಳೆನೀರಿನ ಕೊಳವೆ ಸರಿಯಾಗಿ ಬಾವಿಯ ಬುಡಕ್ಕೇ ಸುರಿಯುತ್ತಿತ್ತು. ಅಂಗಳದ ಕೊಳೆ, ಹಕ್ಕಿಯ ಹಿಕ್ಕೆ ಎಲ್ಲವೂ ಅದರ ಜೊತೆ ಒಳಗೆ. ಒಂದು ದಪ್ಪ ಕಪ್ಪೆ ಕಲ್ಲಿನ ಸಂದಿಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿತ್ತು. ಕೂಪಮಂಡೂಕ ಎಂಬ ಬೈಗುಳವನ್ನು ಅಲ್ಲಿಯವರೆಗೆ ಕೇಳಿದ್ದೆ. ಅವತ್ತು ಮುಖಾಮುಖಿ ಪರಿಚಯವಾಯಿತು. ನಿಂಬೆಯ ಬ್ಲೀಚಿನಲ್ಲಿ ಮಿಂದ ಮೇಲೂ ಅದು ಲವಲವಿಕೆಯಿಂದಲೇ ಇತ್ತು.

ಮಾವ ಹೇಳಿಕೊಟ್ಟ ಕ್ರಮ ಇದು, ಸ್ವಾಮಿ. ಮೊದಲು ದುರಸ್ತಿ, ಆಮೇಲೆ ಔಷಧಿ. ಕಂಡಿಗೆ ಸಿಮೆಂಟು ತುಂಬಿ, ಮುಚ್ಚಳಕ್ಕೆ ರಬ್ಬರಿನ ಅಂಚು ಕೊಟ್ಟು, ಬಾವಿಯ ಕಟ್ಟೆಯನ್ನು ಒಂದು ಮೊಳ ಎತ್ತರಿಸಿ, ಸುತ್ತಲಿನ ನೆಲವನ್ನು ಹೊರಕ್ಕೆ ಇಳಿಜಾರು ಮಾಡಿದರು. ಚಾವಣಿಯ ಕೊಳವೆಯನ್ನು ಬೀದಿಯ ಕಡೆ ತಿರುಗಿಸಿದರು. ಕಪ್ಪೆಯನ್ನು ಗೌರವದಿಂದ ಕಾಲುವೆಗೆ ಬಿಟ್ಟೆವು. ಆಮೇಲೆ ದಾರಕ್ಕೆ ಕಲ್ಲು ಕಟ್ಟಿ ಆಳ ಅಳೆದರು: ಬಾವಿಯ ಅಗಲ ನಾಲ್ಕು ಅಡಿ, ನೀರು ಹನ್ನೊಂದು ಅಡಿ. ಮಗಳು ಲೆಕ್ಕ ಪುಸ್ತಕದ ಹಿಂದೆ ಗುಣಿಸಿ, ಅಪ್ಪನಿಂದ ತಿದ್ದಿಸಿಕೊಂಡು, "ಮೂರು ಸಾವಿರದ ಒಂಬೈನೂರು ಲೀಟರು" ಎಂದು ಸಾರಿದಳು. ಅಷ್ಟು ನೀರಿಗೆ ಎಷ್ಟು ಬ್ಲೀಚು ಎಂಬುದು ಮಾವನ ಚೀಲದೊಳಗಿನ ಪಟ್ಟಿಯಲ್ಲಿತ್ತು. "ಪರಿಮಳ ಇಲ್ಲದ ಸಾದಾ ಬ್ಲೀಚೇ ಆಗ್ಬೇಕು. ಬೇರೆ ಯಾವ ಕ್ಲೀನರನ್ನೂ ಇದಕ್ಕೆ ಬೆರೆಸಬೇಡಿ, ವಿಷದ ಹೊಗೆ ಏಳುತ್ತೆ. ಅಂದಾಜಿನ ಯಜಮಾನರು ಸ್ವಲ್ಪ ದೂರ ನಿಲ್ಲಿ" ಎಂದರು.

ಬಕೆಟ್ಟಿನಲ್ಲಿ ಬೆರೆಸಿ ಸುರಿದ ಮೇಲೆ, ನಲ್ಲಿಗೆ ಪೈಪು ಹಾಕಿ ಅದೇ ನೀರನ್ನು ಮತ್ತೆ ಬಾವಿಗೇ ಬಿಟ್ಟು, ಒಳಗೋಡೆಯನ್ನೆಲ್ಲ ತೊಳೆಯುತ್ತ ಒಂದು ತಾಸು ಸುತ್ತಿಸಿದರು. ಚಾವಣಿಯ ತೊಟ್ಟಿ, ಅಡುಗೆಮನೆ, ಬಚ್ಚಲು, ಎಲ್ಲ ನಲ್ಲಿಗಳನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತಿರುಗಿಸಿ ಮುಚ್ಚಿದೆವು. ಮೂಗಿನ ಕೆಲಸವನ್ನು ಅತ್ತೆ ವಹಿಸಿಕೊಂಡರು. ಆ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಇಡೀ ಒಂದು ದಿನ ಯಾರೂ ನೀರು ಮುಟ್ಟಲಿಲ್ಲ. ಮರುದಿನ ವಾಸನೆ ಹೋಗುವವರೆಗೆ, ಶೌಚದ ಗುಂಡಿಗೂ ಗಿಡಗಳಿಗೂ ಹೋಗದಂತೆ, ಹೊರಗಿನ ಕಲ್ಲುನೆಲಕ್ಕೆ ನೀರು ಹರಿಸಿದೆವು. ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಕುದಿಸಿಯೇ ಕುಡಿಯುವುದು. ಈ ಸಲ ಡಾಕ್ಟರು ತಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲೇ ಮಾಡಿಸಿದರು. ಮೂರು ದಿನಕ್ಕೆ ಅಂಗೈಯಗಲದ ಒಂದೇ ಚೀಟಿ ಬಂತು: ಬ್ಯಾಕ್ಟೀರಿಯಾ ಇಲ್ಲ, ಕುಡಿಯಬಹುದು. ನೋಡಿ, ಅದು ಒಂದೇ ಪುಟದಲ್ಲಿ ಹಿಡಿಯುತ್ತದೆ.

ಪಕ್ಕದ ಮನೆಯ ಬಾವಿಯನ್ನೂ ಮಾವ, ನಾನು, ಗಂಡ ಸೇರಿ ಹೀಗೇ ಮಾಡಿಕೊಟ್ಟೆವು. ಅದರ ಮುಚ್ಚಳದಲ್ಲೂ ಅದೇ ಕಂಡಿಯಿತ್ತು. ಅವಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ನಾನು "ನಿಂಗೆ ಹೇಳಬೇಕಿತ್ತು ಕಣೇ, ನಾನು ಹೇಳಲಿಲ್ಲ" ಎಂದೆ. ಅವಳು ಕೂಸನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು, "ನೀವು ಕಚೇರಿ ಅಲ್ವಲ್ಲ ಅಕ್ಕಾ. ಹೇಳೋದು ಅವರ ಕೆಲಸ" ಎಂದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೂಸು ಮಾತ್ರ ನನ್ನ ಕನ್ನಡಕವನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು.

ಈಗ ಬೇಡಿಕೆ. "ಕುಡಿಯಬಹುದು" ಅಥವಾ "ಕುಡಿಯಬಾರದು" ಎಂಬ ಒಂದು ಪದ ವರದಿಯ ಮೊದಲ ಸಾಲಿನಲ್ಲಿ, ನನ್ನ ಅಂಗಡಿಯ ಗೋಡೆಯ ಮೇಲಿರುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು. ಬಾರದು ಎಂದಾದರೆ ಗೊತ್ತಾದ ದಿನವೇ ಫೋನು ಮಾಡಬೇಕು. ಫೋನು ಇಡುವುದು ನಿಮ್ಮವರಿಗೆ ಚೆನ್ನಾಗಿ ಬರುತ್ತದೆ, ಎತ್ತುವುದನ್ನೂ ಕಲಿಸಿ. ಸೂಕ್ತ ಕ್ರಮವೆಂದರೆ ಏನು ಎಂಬುದನ್ನು ಮೋಟರ್ ಮಾವ ಹೇಳಿದಂತೆ ಬರೆದು, ಪ್ರಮಾಣದ ಪಟ್ಟಿಯ ಸಮೇತ ಲಗತ್ತಿಸಿದ್ದೇನೆ. ನಿಮ್ಮ ತಜ್ಞರು ತಿದ್ದಲಿ, ಆದರೆ ಅಚ್ಚು ಮಾಡಿಸಿ ಬಾಟಲಿಯ ಜೊತೆಗೇ ಕೊಡಲಿ. ನಮ್ಮ ಬೀದಿಯಲ್ಲಿ ಇನ್ನೂ ಒಂಬತ್ತು ಬಾವಿಗಳಿವೆ. ಮುಂದಿನ ಮಂಗಳವಾರ ಹತ್ತು ಗಂಟೆಗೆ ಆ ಒಂಬತ್ತು ಮನೆಯವರೂ ನಾನೂ ನಿಮ್ಮ ಕೌಂಟರಿನ ಮುಂದೆ ನಿಂತಿರುತ್ತೇವೆ. ನಮ್ಮತ್ತೆಯೂ ಬರುತ್ತೇನೆ ಎಂದಿದ್ದಾರೆ. ತಡೆಯುವ ಶಕ್ತಿ ನನಗಿಲ್ಲ. ತಮಗಿದೆಯೇ ಎಂದು ಅವತ್ತು ತಿಳಿಯಲಿದೆ.

ಅದಕ್ಕೂ ಮೊದಲು ಒಂದು ಕೆಲಸ. ಪಕ್ಕದ ಮನೆಯವಳ ಎರಡನೇ ಪುಟ ಇನ್ನೂ ನಿಮ್ಮ ಕಪಾಟಿನಲ್ಲೇ ಇದೆ. ಅದನ್ನು ಕೇಳಿದ ನನಗೆ, ಅವಳೇ ಖುದ್ದಾಗಿ ಬರಬೇಕೆಂದು ನೀವು ಹೇಳಿದ ದಿನ ಅವಳು ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದಳು. ಅದನ್ನು ಇವತ್ತೇ ಹುಡುಕಿಸಿ ಕಳಿಸಿ. ಅದರಲ್ಲಿ ಏನು ಬರೆದಿದೆ ಎಂಬುದು ಅವಳಿಗೆ ಗೊತ್ತು. ಯಾವ ತಾರೀಖಿನಂದು ಬರೆದಿದ್ದಿರಿ ಎಂಬುದು ಅವಳಿಗೆ ಬೇಕಾಗಿದೆ.

ಇಂತಿ,
ನಿಮ್ಮ ಕಡತದಲ್ಲಿ "ಪದೇಪದೇ ಬರುವ ಹೆಂಗಸು" ಎಂದು ದಾಖಲಾಗಿರುವ,
ಮತ್ತೆ ಬರಲಿರುವ,
ಕನ್ನಡಕದಂಗಡಿಯವಳು