ರಬ್ಬರಿನಲ್ಲಿ ಉಜ್ಜಿದ ರ‍್ಯಾಮ್

ಹೊಳೆನರಸೀಪುರ
9 ಮೇ 2024, ಗುರುವಾರ

ಪ್ರೀತಿಯ ಮಗಳು ಶೋಭಿತಾಗೆ,

ಇಲ್ಲಿ ನಾನು, ನಿಮ್ಮಮ್ಮ ಕ್ಷೇಮ. ಅಂದರೆ ನಾನು ಅಡುಗೆಮನೆಗೆ ಕಾಲಿಡದಷ್ಟು ಹೊತ್ತು ಕ್ಷೇಮ. ಕೊಣನೂರಿನಲ್ಲಿ ನೀನೂ ನಿನ್ನ ಶಾಂತಿ ಅತ್ತೆಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ನೀನು ಹೋಗಿ ಹನ್ನೊಂದು ದಿನ, ಬರೆಯುವುದು ತಡವಾಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಬರೆದು ಹೊಡೆದುಹಾಕಿದೆ. ರಿಪೇರಿಗೆ ಬಂದದ್ದು ಒಂದು ಮೌಸ್ ಮಾತ್ರ. ಇಲ್ಲದ್ದು ಧೈರ್ಯ.

"ಡಿಪ್ಲೊಮಾನೂ ಬ್ಯಾಡ, ಪ್ರಾಜೆಕ್ಟೂ ಬ್ಯಾಡ, ಟೈಲರಿಂಗ್ ಕಲೀತೀನಿ" ಎಂದೆಯಂತೆ, ಶಾಂತಿ ಹೇಳಿದಳು. ಟೈಲರಿಂಗ್ ಒಳ್ಳೆಯ ಕೆಲಸವೇ. ಆದರೆ ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಲು ಬುಧವಾರ ಹದಿನೈದರವರೆಗೆ ಸಮಯವಿದೆ. ಅದಕ್ಕೆ ಮೊದಲು ಇದನ್ನು ಓದು.

ನಿನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ.

ನೀನು ಹೋದ ಮೇಲೆ ನಿನ್ನ ಕಂಪ್ಯೂಟರ್ ಮುಂದೆ ಕುಳಿತು, ನೀನು ಬರೆದ ಒಂದಕ್ಷರವನ್ನೂ ಮುಟ್ಟದೆ, ಹತ್ತು ಸಲ ಕಂಪೈಲ್ ಮಾಡಿ ಓಡಿಸಿದೆ. ಒಮ್ಮೆ ಶುರುವಿನಲ್ಲೇ ನಿಂತಿತು. ಒಮ್ಮೆ ಮುಕ್ಕಾಲು ದಾರಿ ಹೋಗಿ ನಿಂತಿತು. ಎರಡು ಸಲ ಏನೂ ಆಗಿಲ್ಲವೆಂಬಂತೆ ಮುಗಿಸಿಬಿಟ್ಟಿತು. ಬರೆದದ್ದರಲ್ಲಿ ತಪ್ಪಿದ್ದರೆ ಪ್ರತಿ ಸಲವೂ ಅದೇ ಸಾಲಿನಲ್ಲಿ ಎಡವಬೇಕು. ಹೀಗೆ ಜಾಗ ಬದಲಿಸಿ ಬಿದ್ದರೆ ಕಾಯಿಲೆ ಯಂತ್ರದ್ದು.

ಕಂಪ್ಯೂಟರಿನ ಜ್ಞಾಪಕಶಕ್ತಿಯಾದ ಎರಡು ರ‍್ಯಾಮ್ ಪಟ್ಟಿಗಳನ್ನು ಕಿತ್ತು, ಒಂದೊಂದನ್ನೇ ಹಾಕಿ ಬೆಳಗ್ಗೆಯಿಂದ ಸಂಜೆಯವರೆಗೆ ಪರೀಕ್ಷೆಗೆ ಬಿಟ್ಟೆ. ಒಂದು ಪಾಸಾಯಿತು. ಇನ್ನೊಂದಕ್ಕೆ ಪರದೆ ತುಂಬ ಕೆಂಪು ಸಾಲು. ಲಗ್ನಪತ್ರಿಕೆ ಟೈಪ್ ಮಾಡುವಾಗ ರ‍್ಯಾಮಿನ ಒಂದು ಮೂಲೆ ಸಾಕು, ಹುಳುಕು ಕಾಣುವುದಿಲ್ಲ. ಅರವತ್ತು ಸಾವಿರ ಪದ ತುಂಬಿದ ನಿನ್ನ ಪ್ರೋಗ್ರಾಮಿಗೆ ಪೂರ್ತಿ ಬೇಕು.

ಹೊಸದು ಹಾಕಿದೆ. ಹತ್ತಕ್ಕೆ ಹತ್ತು ಸಲ ನಿಲ್ಲದೆ ಮುಗಿಯಿತು. ಪ್ರಾಸ ಹುಡುಕುವ ಪ್ರೋಗ್ರಾಮನ್ನು ನನಗೋಸ್ಕರವೇ ಮಾಡುತ್ತಿದ್ದೀಯೆಂದು ಗೊತ್ತಿದ್ದೂ ಒಮ್ಮೆಯೂ ಕೂತು ನೋಡಿರಲಿಲ್ಲ. 'ಅಪ್ಪ' ಎಂದು ಟೈಪ್ ಮಾಡಿದೆ. ತುಪ್ಪ, ಕಪ್ಪ, ಬೆಪ್ಪ ಎಂದಿತು. ಮೂರನೆಯದಕ್ಕೆ ನಾನು ತಕರಾರು ತೆಗೆಯಲಿಲ್ಲ.

ಹೊರಟುಹೋದ ದಿನ ನೀನು ಸರಿಯಾಗಿಯೇ ಹೇಳಿದ್ದೆ: "ಅಪ್ಪಾ, ಒಂದೊಂದ್ ಸಲ ಒಂದೊಂದ್ ಕಡೆ ನಿಂತ್ಕತದೆ. ಮಿಷಿನ್ನೇ ಕೆಟ್ಟದೆ ಕಣಪ್ಪಾ." ಚನ್ನರಾಯಪಟ್ಟಣದ ಜೆರಾಕ್ಸ್ ಅಂಗಡಿ ಸಿದ್ದೇಶ, ನಮ್ಮ ಹಳೇ ಗಿರಾಕಿ, ಎದುರಿಗೇ ಕೂತಿದ್ದ. ನಾನೋ, "ಕ್ಲಾಸಲ್ಲಿ ನಿದ್ದೆ, ಮನೇಲಿ ಮುದ್ದೆ, ಈಗ ಮಿಷಿನ್ ಮೇಲೆ ಬಿದ್ದೆ!" ಎಂದೆ. ಅವನು ನಕ್ಕ. ನೀನು ಬ್ಯಾಗ್ ತೆಗೆದುಕೊಂಡೆ. ನಿಮ್ಮಮ್ಮ ಇವತ್ತಿಗೂ ಅನ್ನುತ್ತಾಳೆ: "ನಿಮ್ ಪ್ರಾಸಕ್ಕೆ ಬೆಂಕಿ ಆಕ. ಮಗ ಉಣ್ದೇ ಬಸ್ ಅತ್ತೋಯ್ತು."

ಬುಧವಾರ ಹತ್ತು ಗಂಟೆಗೆ ಹಾಸನದಲ್ಲಿ ನಿನ್ನ ಕಾಲೇಜಿನ ಗೇಟಿನ ಮುಂದೆ ಕಂಪ್ಯೂಟರ್ ಹೊತ್ತು ನಿಂತಿರುತ್ತೇನೆ. ಕೊನೆಯ ದಿನದವರೆಗೆ ತಡವಾದದ್ದು ಯಾರಿಂದ ಎಂದು ನಿನ್ನ ಮೇಡಮ್‌ಗೆ ನಾನೇ ಹೇಳುತ್ತೇನೆ. ಬರಲೇಬೇಕು ಅನ್ನುವ ಮುಖ ನನಗಿಲ್ಲ. ಬಂದರೆ, ನೀನು ಉಣ್ಣದೆ ಬಿಟ್ಟುಹೋದದ್ದಕ್ಕೆ ಬದಲಾಗಿ ನಿಮ್ಮಮ್ಮ ಕಟ್ಟಿಕೊಡುವ ಬುತ್ತಿಯೂ ಇರುತ್ತದೆ.

ಏನೇ ಕಲಿತರೂ ನಿನ್ನ ಕೈಗೂ ಬುದ್ಧಿಗೂ ಒಳ್ಳೆಯದಾಗಲಿ, ಮಗಳೇ.

ನಿನ್ನ ಅಪ್ಪ,
ಧರ್ಮೇಂದ್ರ

ಮತ್ತೆ: ಇಷ್ಟು ಬರೆದೂ ಮುಖ್ಯವಾದದ್ದನ್ನು ಬಿಟ್ಟಿದ್ದೇನೆ. ಆ ರ‍್ಯಾಮ್ ಕೆಟ್ಟಿದೆಯೆಂದು ಗಿರಾಕಿಯೊಬ್ಬರ ಕಂಪ್ಯೂಟರಿನಿಂದ ಹಿಂದೆ ಕಿತ್ತವನು ನಾನೇ. ನಮ್ಮ ಕಸುಬಿನವರ ಅಭ್ಯಾಸದಂತೆ ಪೆನ್ಸಿಲ್ ರಬ್ಬರಿನಲ್ಲಿ ಅದರ ಅಂಚಿನ ಕೊಳೆ ಉಜ್ಜಿದೆ. ಕಂಪ್ಯೂಟರ್ ಶುರುವಾಯಿತು, ಸರಿಹೋಯಿತೆಂದು ನಿನ್ನದಕ್ಕೆ ಹಾಕಿದೆ. ಅದರ ಜೋಡಿಯನ್ನೂ ಹೀಗೇ ಉಜ್ಜಿ ಸಿದ್ದೇಶನ ಕಂಪ್ಯೂಟರಿಗೆ ಹಾಕಿದ್ದೆ. ನೀನು ಬಾಯಿ ತೆರೆದ ಕ್ಷಣವೇ ನನಗೆ ಅದು ನೆನಪಾಯಿತು. ಅವನೆದುರು ಒಪ್ಪಿಕೊಳ್ಳಲಾಗದೆ ಪ್ರಾಸ ಕಟ್ಟಿದೆ.

ಹೋದ ವಾರ ಹೋಗಿ ಅವನದನ್ನೂ ಬದಲಿಸಿ, ಎಲ್ಲ ಹೇಳಿದೆ. "ಅಲ್ಲ ಧರ್ಮಣ್ಣ, ಆ ಮಗೀನ್ ನೋಡ್ಕಂಡು ನನ್ನೂ ನಗಂಗ್ ಮಾಡ್ದಲ್ಲಯ್ಯ" ಎಂದ. ಟೀ ಕೂಡ ಕೊಡಿಸಲಿಲ್ಲ.

ಆ ರ‍್ಯಾಮನ್ನು ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಬಂದವರು "ಇದೇನ್ ಸಾ?" ಅನ್ನುತ್ತಾರೆ. ಇದು ಕೆಟ್ಟಿದೆಯೆಂದು ನನ್ನ ಮಗಳು ಹೇಳಿದಳು, ಗೊತ್ತಿದ್ದೂ ನಾನು ಅವಳನ್ನು ಸುಳ್ಳುಮಾಡಿದೆ ಎನ್ನುತ್ತೇನೆ. ಪ್ರಾಸವಿಲ್ಲದೆ.