ತೊಟ್ಟಿಲ ದುಡ್ಡು ಮತ್ತು ಎ.ಪಿ. ಸೊನ್ನೆ ಮೂರು

೫-೧೦-೨೦೦೬, ಬೆಳಿಗ್ಗೆ ೭

ಗಾಡಿಗಳಿಗೆ ನಂಬರ್ ಪ್ಲೇಟ್ ಹಾಕುವ ಪದ್ಧತಿಯನ್ನು ದೆಹಲಿಯವರು ಶುರು ಮಾಡಿದ್ದೇ ನನ್ನನ್ನು ಕೇಳಿ. ಏಳನೇ ಕ್ಲಾಸು ಓದಿದ ರಾಮಾಂಜಿನಪ್ಪನ ಹೆಸರು ಹಾಕಲು ನಾಚಿಕೆಯಾಗಿ ಬಿಟ್ಟರು, ಅಷ್ಟೇ.

ಜಂಗಮಕೋಟೆ ಕ್ರಾಸು, ಎರ್ರಪ್ಪನ ಹೋಟೆಲು, ಎರಡನೇ ಟೀ. ಆಗಲೇ ಎರಡು ಆಂಬುಲೆನ್ಸ್ ಬೆಂಗಳೂರಿನ ಕಡೆ ಹೋದವು. ಎರಡೂ ಆಂಧ್ರದವು. ಎ.ಪಿ. ಸೊನ್ನೆ ಎರಡು ಅನಂತಪುರ, ಸೊನ್ನೆ ನಾಲ್ಕು ಕಡಪ. ಅನಂತಪುರದ್ದು ಒಂದು ಗಳಿಗೆ ನಿಂತಿತು. ಡ್ರೈವರನ್ನು ಕೇಳಿದರೆ ರೋಗಿಯೂ ಅನಂತಪುರದವನೇ! ಪ್ಲೇಟು ನೋಡಿ ರೋಗಿಯ ಜಿಲ್ಲೆ ಹೇಳುತ್ತೇನೆಂದು ನಾನು, ಆಗದೆಂದು ಗೆಳೆಯ ಬಯ್ಯಪ್ಪ; ಪಂದ್ಯ ಕಟ್ಟಿ ಅವನು ಸೋತದ್ದು ಇದು ಏಳನೇ ಸಲ. ಟೀ ಅವನದು.

೮-೧೦, ಸಂಜೆ

ತಂಗಿ ಮುನಿಲಕ್ಷ್ಮಿಯ ಮಗಳು ಸೌಜನ್ಯ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ತಂಗಿಯದು ಚಿಂತಾಮಣಿಯಿಂದ ಆಚೆ, ಆಂಧ್ರದ ಗಡಿ ಹತ್ತಿರದ ಊರು. ದೀಪಾವಳಿ ಕಳೆದ ಮೇಲೆ ಎಂದಿದ್ದಾರೆ ಡಾಕ್ಟರು. ತೊಟ್ಟಿಲು ಸೋದರಮಾವನದು. ಅಂದರೆ ನನ್ನದು. ತೇಗದ್ದೇ ಆಗಬೇಕು, ಸುಮ್ಮನೆ ಅಲ್ಲ.

ರೇಷ್ಮೆಗೂಡು ಮಾರಿದ ದುಡ್ಡು ಎಣಿಸಿ ಕೊಟ್ಟಳು ವೆಂಕಟರತ್ನಮ್ಮ. "ನಾಳೆ ಸೀದಾ ಶಿಡ್ಲಘಟ್ಟದ ಬಡಗಿ ಹತ್ರ ಹೋಗಿ. ದಾರೀಲಿ ಎರ್ರಪ್ಪನ ಹೋಟ್ಲು ಸಿಗ್ತದೆ. ಅದು ನಿಮಗೆ ಕಾಣಿಸ್ಬಾರ್ದು."

ಹೆಂಡತಿ ಎಂದರೆ ಹೆಂಡತಿ.

೯-೧೦, ೧೧ ಗಂಟೆ

ಬಸ್ಸಿಗೆ ಕಾಯುತ್ತ ಒಂದೇ ಟೀ. ಈಗಷ್ಟೇ ಆಂಬುಲೆನ್ಸ್ ಬಂದು ನಿಂತಿದೆ, ಬಾನೆಟ್ಟಿನಲ್ಲಿ ಹೊಗೆ. ಡ್ರೈವರ್ ನೀರಿಗೆ ಓಡಿದ. ಎ.ಪಿ. ಸೊನ್ನೆ ಮೂರು. ಕಣ್ಣು ಮುಚ್ಚಿ ಹೇಳಿದೆ — ಚಿತ್ತೂರು ಜಿಲ್ಲೆ, ಮದನಪಲ್ಲಿ ಪೇಷೆಂಟು.

ಬಯ್ಯಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. "ಅಲ್ಲ ಕಣಯ್ಯ, ನಮ್ಮೋರೇ ಒಳಗಿರೋರು. ಎಷ್ಟು ಕಟ್ತೀಯ?"

ಪಾಪ, ಎಂಟನೇ ಸಲ. ಜೇಬಿಗೆ ಕೈ ಹಾಕಿದೆ. ಎಷ್ಟು ಎಂದು ಬರೆಯುವ ಅಗತ್ಯವಿಲ್ಲ. ಹೇಗೂ ಗೆಲ್ಲುವುದು—

೧೨-೧೦

ಮೂರು ದಿನ ಪೆನ್ನು ಹಿಡಿದಿಲ್ಲ.

ಅವತ್ತು ಆಂಬುಲೆನ್ಸಿನ ಹಿಂದಿನ ಬಾಗಿಲು ತೆಗೆದದ್ದು ಮುನಿಲಕ್ಷ್ಮಿ. "ಅಣ್ಣಯ್ಯಾ! ದೇವ್ರು ಕಳಿಸ್ದಂಗೆ ನಿಂತಿದ್ದೀಯಲ್ಲೋ!" ಒಳಗೆ ಸೌಜನ್ಯ, ಹಲ್ಲು ಕಚ್ಚಿ ಮಲಗಿದ್ದಾಳೆ. ಎರಡು ವಾರ ಮುಂಚೆಯೇ ನೋವು. ಅವರ ಊರಿಗೆ ಮದನಪಲ್ಲಿಯ ಗಾಡಿಯೇ ಬೇಗ ಬರುವುದಂತೆ. ಇಷ್ಟು ವರ್ಷ ತಂಗಿ ಮನೆಗೆ ಹೋಗಿ ಬಂದಿದ್ದೇನೆ, ತಲೆಗೆ ಹೊಳೆಯಲಿಲ್ಲ.

ಬಯ್ಯಪ್ಪ ಕಿವಿಯಲ್ಲಿ ಹೇಳಿದ: "ನೀನು ಪ್ಲೇಟು ನೋಡ್ದೆ, ನಾನು ಕಿಟಕಿ ನೋಡ್ದೆ. ನಿನ್ನ ಮೂಗೇ ಒಳಗೆ ಕೂತಿತ್ತು, ಸೀರೆ ಉಟ್ಕೊಂಡು. ತಗೊಳಯ್ಯ ನಿನ್ನ ದುಡ್ಡು, ಆಸ್ಪತ್ರೆಗೆ ಬೇಕಾಗ್ತದೆ."

"ಅದಕ್ಕೆ ಹುಡುಗಿ ಅಪ್ಪ ಇದ್ದಾನೆ. ಸೋತ ದುಡ್ಡು ವಾಪಸ್ ಈಸ್ಕೊಳೋ ವಂಶ ಅಲ್ಲ ನಮ್ದು" ಎಂದು ಹೇಳಿ ಡ್ರೈವರ್ ಪಕ್ಕ ಹತ್ತಿ ಕೂತೆ. ದಾರಿಯುದ್ದಕ್ಕೂ ಎದುರು ಬಂದ ಗಾಡಿಗಳ ಜಿಲ್ಲೆ ಹೇಳುತ್ತಲೇ ಇದ್ದೆ, ಹುಡುಗಿಗೆ ಧೈರ್ಯ ಬರಲಿ ಎಂದು. ಇಲ್ಲೇ ಪಕ್ಕದ ವಿಜಯಪುರ ದಾಟಿದ ಮೇಲೆ ಹಿಂದಿನಿಂದ ಕೂಗು — "ಮಾವಾ, ನಿಂಗೆ ಕೈ ಮುಗೀತೀನಿ, ಬಾಯಿ ಮುಚ್ಕೊ!" ಅಷ್ಟು ಜೋರು ದನಿ ಇದ್ದರೆ ಏನೂ ಆಗುವುದಿಲ್ಲ ಎಂದು ಆಗಲೇ ಗೊತ್ತಾಯಿತು.

ದೇವನಹಳ್ಳಿಯಲ್ಲೇ ಹೆರಿಗೆ. ಹೆಣ್ಣು. ತಾಯಿ ಮಗು ಸುಖ. ಮೂಗು ನನ್ನದೇ.

೧೯-೧೦, ಮಧ್ಯಾಹ್ನ

ನಾಳೆ ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ. ಬಡಗಿಗೆ ಜ್ವರ ಎಂದು ವೆಂಕಟರತ್ನಮ್ಮನಿಗೆ ಎರಡು ಸಲ ಹೇಳಿದ್ದೇನೆ. ಈಗ ಅವನನ್ನು ನೋಡಿಕೊಂಡು ಬರುತ್ತೇನೆಂದು ಅವಳೇ ಚಪ್ಪಲಿ ಹುಡುಕುತ್ತಿದ್ದಾಳೆ. ಪಂದ್ಯದ ಸುದ್ದಿ ಊರಿಗೆಲ್ಲ ಗೊತ್ತು. ಐವತ್ತು ರೂಪಾಯಿ ಸೋತೆ ಎಂದು ಎಲ್ಲರಿಗೂ ಹೇಳಿದ್ದೇನೆ, ಎರ್ರಪ್ಪನಿಗೂ.

ಐವತ್ತಲ್ಲ. ತೊಟ್ಟಿಲಿನದು ಪೂರ್ತಿ. ಎರಡು ಸಾವಿರದ ನಾನೂರು. ಚಪ್ಪಲಿ ಸಿಕ್ಕಿತು ಅನ್ನಿಸುತ್ತದೆ, ಬಾಗಿಲ ಹತ್ತಿರ—